ನಿಕ್ಕಲ್ ಹಾಕಿದ್ದು ಯಾರು? ಲೆನ್ಸ್, ಹಿಡಿಯೊಳಗಿನ ಗುರುತು, ಕಂಪನಿ ಪತ್ರ

ಹಳೇ ರಿವಾಲ್ವರ್ ಜಾಸ್ತಿ ಮಿರಮಿರ ಅಂತಿದ್ದರೆ ಎರಡು ಅನುಮಾನ ಬರುತ್ತವೆ. ಮತ್ತೆ ಪಾಲಿಶ್ ಆಗಿದೆಯಾ? ಆಗಿದ್ದರೆ ಕಾರ್ಖಾನೆಯಲ್ಲೋ, ಹೊರಗಿನ ಮೇಸ್ತ್ರಿ ಕೈಯಲ್ಲೋ? ಮೊದಲನೆಯದಕ್ಕೆ ಬಹಳ ಸಲ ಕಣ್ಣು ಸಾಕು. ಎರಡನೆಯದಕ್ಕೆ ಕಣ್ಣೊಂದನ್ನೇ ನಂಬಬೇಡಿ.

ನಾನು ನೋಡಿದ್ದು ಮೈಸೂರಿನ ಸರಸ್ವತಿಪುರಂನಲ್ಲಿರುವ ಮಾವನ ಎರಡು .32 ಬೋರ್ ರಿವಾಲ್ವರ್. ಒಂದು ನಿಕ್ಕಲ್ ಹಾಕಿದ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿಯ ‘ಹ್ಯಾಂಡ್ ಎಜೆಕ್ಟರ್’ ಮಾದರಿ, ಇನ್ನೊಂದು ಬ್ಲೂಯಿಂಗ್ (ಉಕ್ಕಿಗೆ ಕೊಡುವ ಕಪ್ಪು-ನೀಲಿ ಬಣ್ಣ) ಆದ ಇಂಗ್ಲೆಂಡಿನ ವೆಬ್ಲಿ ಮಾರ್ಕ್ 4. ಲೈಸೆನ್ಸ್ ಅವರದು, ಖಾಲಿ ಇದೆಯಾ ಅಂತ ನೋಡಿ ಬಿಚ್ಚಿದ್ದೂ ಅವರೇ. (ಎಲೆಕ್ಷನ್ ಬಂದಾಗ ಎರಡನ್ನೂ ಠಾಣೆಗೆ ಒಪ್ಪಿಸಿ ತರುವ ಗೋಳು ಬೇರೆ.)

ಮೊದಲು ಲೆನ್ಸ್. ಕಿಟಕಿ ಬೆಳಕು ಓರೆಯಾಗಿ ಬೀಳುವ ಹಾಗೆ ಹಿಡಿದು ಹತ್ತು ಪಟ್ಟು ದೊಡ್ಡದಾಗಿ ನೋಡಿದೆವು. ಸ್ಮಿತ್‌ನ ಬ್ಯಾರಲ್ ಅಕ್ಷರಗಳಲ್ಲಿ ಹಳೇ ಆಯುಧಪೂಜೆಗಳ ಕುಂಕುಮ ಕೂತಿತ್ತು. ಅದೂ ಉಪಕಾರಕ್ಕೇ ಬಂತು. ಕೆಂಪು ಗೆರೆ ಎರಡೂ ಕಡೆ ಚೂಪಾಗಿದ್ದರೆ ಅಕ್ಷರದ ಅಂಚು ಉಳಿದಿದೆ ಅಂತ. ಒಂದೇ ಕಡೆಗೆ ಎಳೆದ ಹಾಗೆ ಹರಡಿದ್ದರೆ ಬಫಿಂಗ್ ಚಕ್ರ (ಉಜ್ಜಿ ಹೊಳಪು ತರುವ ಬಟ್ಟೆ ಚಕ್ರ) ಆ ಕಡೆ ಓಡಿದೆ ಅಂತ. ಇಲ್ಲಿ ಒಂದೆರಡು ಅಕ್ಷರ ಮಾತ್ರ ಚೂರು ಹರಡಿದ್ದವು. ಸೈಡ್‌ಪ್ಲೇಟ್ (ಫ್ರೇಮ್ ಪಕ್ಕದ ಮುಚ್ಚಳ) ಕೂಡುವ ಗೆರೆ ಕೂದಲಷ್ಟು ಸಣ್ಣ, ಅಂದರೆ ಜಾಸ್ತಿ ಉಜ್ಜಿಲ್ಲ. ಹ್ಯಾಮರ್, ಟ್ರಿಗರ್ ಮೇಲೆ ನಿಕ್ಕಲ್ ಇಲ್ಲ, ಕೇಸ್ ಹಾರ್ಡನಿಂಗ್‌ನ (ಲೋಹದ ಮೇಲ್ಮೈ ಗಟ್ಟಿ ಮಾಡುವಾಗ ಬರುವ) ಬಣ್ಣವೇ ಇದೆ. ಹೊರಗಿನವರು ಸಾಮಾನ್ಯವಾಗಿ ಅವನ್ನೂ ಸೇರಿಸಿಯೇ ನಿಕ್ಕಲ್‌ಗೆ ಅದ್ದಿಬಿಡುತ್ತಾರೆ. ಇಷ್ಟಾದರೂ ಇದು ಹುಟ್ಟಿನಿಂದಲೇ ಇದ್ದ ನಿಕ್ಕಲ್ಲಾ, ಆಮೇಲೆ ಬಂದದ್ದಾ ಅಂತ ಲೆನ್ಸ್ ಹೇಳಲಿಲ್ಲ. ಕಾರ್ಖಾನೆಯಲ್ಲೂ ಬಫ್ ಮಾಡಿಯೇ ಮತ್ತೆ ಫಿನಿಶ್ ಹಾಕುವುದು, ಅಲ್ವಾ?

ಗುರುತುಗಳು ಹೇಳಿದವು. ಸಿಲಿಂಡರ್ ಹೊರಗೆ ತೆಗೆದರೆ ಬ್ಯಾರಲ್ ಕೆಳಗೆ, ಎಜೆಕ್ಟರ್ ರಾಡ್ (ಖಾಲಿ ತೋಟಾ ಹೊರದಬ್ಬುವ ಕಡ್ಡಿ) ಕೂರುವ ಜಾಗದಲ್ಲಿ, ‘ಬಿ’ ಅಕ್ಷರ. ಅಂದರೆ ಹುಟ್ಟಿದಾಗ ಬ್ಲೂ. ಹಿಡಿಯ ತಳದಲ್ಲಿ ಸೀರಿಯಲ್ ನಂಬರ್ ಪಕ್ಕ ಒಂದು ಪುಟ್ಟ ನಕ್ಷತ್ರ: ಕಾರ್ಖಾನೆಗೆ ವಾಪಸ್ ಹೋಗಿ ಕೆಲಸ ಮಾಡಿಸಿಕೊಂಡು ಬಂದಿದೆ. ಹಿಡಿಯ ಮರ ತೆಗೆದರೆ ಎಡಗಡೆ ಫ್ರೇಮ್ ಮೇಲೆ ತಿಂಗಳು-ವರ್ಷದ ಅಂಕಿ, ಜೊತೆಗೆ ‘ಆರ್-ಎನ್’. ರಿಫಿನಿಶ್, ನಿಕ್ಕಲ್. ಮಾವ ಅಷ್ಟು ವರ್ಷ ‘ಒರಿಜಿನಲ್ ನಿಕ್ಕಲ್’ ಅಂತಿದ್ದದ್ದು ಅಲ್ಲಿಗೆ ಮುಗಿಯಿತು. ಆದರೂ ಕೆಲಸ ಕಂಪನಿಯದೇ ಅಂತ ಅವರಿಗೆ ಸಮಾಧಾನ.

ಮೂರನೆಯದು ಅಮೆರಿಕದ ಪತ್ರ. ಸ್ಮಿತ್ ಅಂಡ್ ವೆಸನ್ ಹಿಸ್ಟಾರಿಕಲ್ ಫೌಂಡೇಶನ್‌ಗೆ ಡಾಲರ್ ಕಟ್ಟಿ, ಫೋಟೋ ಕಳಿಸಿದರೆ ಹಳೇ ದಾಖಲೆ ಹುಡುಕಿ ಬರೆಯುತ್ತಾರೆ. ಬ್ಲೂ ಫಿನಿಶ್‌ನಲ್ಲೇ ಹೊರಟಿತ್ತು ಅಂತ ಬಂತು. ‘ಬಿ’ ಅಕ್ಷರ ಸುಮ್ನೆ ಪುಕ್ಕಟೆ ಹೇಳಿದ್ದೂ ಅದನ್ನೇ. ಮಾರುವವರಿಗೆ ಪತ್ರ ಬೇಕಾಗಬಹುದು. ತಿಳಿದುಕೊಳ್ಳೋಕೆ ಮಾತ್ರ ಆದರೆ ದುಡ್ಡು ಉಳಿಸಿ.

ವೆಬ್ಲಿ ವಿಷಯದಲ್ಲಿ ಲೆಕ್ಕ ತಿರುಗಿತು. ಹಿಡಿ ಬಿಚ್ಚಿದರೆ ಕೆಲಸಕ್ಕೆ ಬರುವ ಗುರುತೇ ಇಲ್ಲ. ಇಲ್ಲಿ ಗೆದ್ದದ್ದು ಲೆನ್ಸ್. ತುಕ್ಕು ತಿಂದ ಗುಳಿಗಳ ತಳದಲ್ಲೂ ಹೊಸ ಬ್ಲೂ ಇತ್ತು. ಸ್ಕ್ರೂ ತೂತುಗಳ ಬಾಯಿ ತಟ್ಟೆಯ ಹಾಗೆ ತಗ್ಗಾಗಿತ್ತು. ಬರ್ಮಿಂಗ್‌ಹ್ಯಾಮ್ ಪ್ರೂಫ್ ಗುರುತಿನ (ಪರೀಕ್ಷೆ ಪಾಸಾದದ್ದಕ್ಕೆ ಒತ್ತುವ ಮುದ್ರೆಯ) ಕಿರೀಟ ಅರ್ಧ ಸವೆದಿತ್ತು. ಗುಳಿ ತೆಗೆಯದೆ ಹಾಗೇ ಮೇಲೆ ಬಣ್ಣ ಹಾಕುವುದು, ಗುರುತನ್ನೇ ಉಜ್ಜುವುದು ಕಾರ್ಖಾನೆ ಕೆಲಸದ ಲಕ್ಷಣ ಅಲ್ಲ. ಯಾರೋ ಅವಸರದಲ್ಲಿ ಮಾಡಿದ್ದು.

ಹಾಗಾಗಿ ಸ್ಮಿತ್ ಆದರೆ ನಾನು ಮೊದಲು ಹಿಡಿ ಬಿಚ್ಚಿಸುತ್ತೇನೆ, ವೆಬ್ಲಿ ಆದರೆ ಲೆನ್ಸ್ ಹಿಡಿಯುತ್ತೇನೆ. ಬಿಚ್ಚುವಾಗ ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು. ಮರದ ಅಂಚಿಗೆ ಚಾಕು ತೂರಿಸಿ ಎಬ್ಬಿಸಬೇಡಿ. ಸ್ಕ್ರೂ ಸ್ವಲ್ಪ ಸಡಿಲ ಮಾಡಿ ತಲೆಯನ್ನು ಮೆಲ್ಲಗೆ ತಟ್ಟಿದರೆ ಆಚೆ ಕಡೆಯ ಹಿಡಿ ತಾನಾಗೇ ಎದ್ದು ಬರುತ್ತದೆ. ಪೂಜೆಗೆ ಮುಂಚೆ ಉಜ್ಜುವವರಿಗೆ ಇನ್ನೊಂದು ಮಾತು: ಅಮೋನಿಯಾ ಇರುವ ಪಾಲಿಶ್ ನಿಕ್ಕಲ್‌ಗೆ ಆಗಿಬರುವುದಿಲ್ಲ. ಕೆಳಗೆ ತಾಮ್ರದ ಪದರ ಇದ್ದರೆ ಗೀರಿನೊಳಗಿಂದ ನುಗ್ಗಿ ಅದನ್ನು ತಿನ್ನುತ್ತದೆ, ಆಮೇಲೆ ನಿಕ್ಕಲ್ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ.