ಶೋನ್‌ಬ್ರುನ್ ಅರಮನೆ: ದೊಡ್ಡ ಟಿಕೆಟ್ಟೇ ತೆಗೆದುಕೊಳ್ಳಿ
ವಿಯೆನ್ನಾದ ಶೋನ್‌ಬ್ರುನ್‌ಗೆ ಹೋಗಿ, ದುಡ್ಡು ಉಳಿಸಲು ಕಡಿಮೆ ಕೋಣೆ ತೋರಿಸುವ ಚಿಕ್ಕ ಟಿಕೆಟ್ ತೆಗೆದುಕೊಂಡರೆ ನಷ್ಟ ನಿಮ್ಮದೇ, ಯಾಕೆಂದರೆ ಅಸಲಿ ಮಜಾ ಇರುವುದು ಅದರಲ್ಲಿ ಸಿಗದ 'ಮಿಲಿಯನ್ ಕೋಣೆ'ಯಲ್ಲಿ. ಗೋಡೆ ತುಂಬ ರೋಸ್‌ವುಡ್ ಹಲಗೆ, ಅದರ ಮೇಲೆ ಚಿನ್ನದ ಬಣ್ಣದ ಚೌಕಟ್ಟುಗಳು, ಒಳಗೆ ನೋಡಿದರೆ ಭಾರತದ ಮೊಘಲ್ ಕಾಲದ ಪುಟ್ಟ ಚಿತ್ರಗಳು! 18ನೇ ಶತಮಾನದಲ್ಲಿ ಆಸ್ಟ್ರಿಯಾ ಆಳಿದ ರಾಣಿ ಮರಿಯಾ ತೆರೇಸಾಳ ಮನೆಯವರು ಅವನ್ನು ಕತ್ತರಿಸಿ, ತಮಗೆ ಬೇಕಾದ ಹಾಗೆ ಜೋಡಿಸಿ ಅಂಟಿಸಿದ್ದಾರೆ. ಹೊಟ್ಟೆ ಉರಿಯುತ್ತದೆ, ಆದರೂ ಕಣ್ಣು ಕೀಳಲು ಆಗುವುದಿಲ್ಲ.

ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಜ್ ಜೋಸೆಫ್ 1830ರಲ್ಲಿ ಹುಟ್ಟಿದ್ದೂ 1916ರಲ್ಲಿ ಸತ್ತದ್ದೂ ಇಲ್ಲೇ. ಅಷ್ಟು ದೊಡ್ಡ ಸಾಮ್ರಾಜ್ಯ ಆಳಿದವನು ಮಲಗುತ್ತಿದ್ದದ್ದು ಸಾದಾ ಕಬ್ಬಿಣದ ಮಂಚದಲ್ಲಿ, ವಿಚಿತ್ರ ಅಲ್ವಾ? 1441 ಕೋಣೆಗಳಲ್ಲಿ ತೋರಿಸುವುದು ಸುಮಾರು 40 ಮಾತ್ರ, ಸಾಕು ಬಿಡಿ, ಅಷ್ಟಕ್ಕೇ ಕಾಲು ನೋಯುತ್ತದೆ. ಹೊರಗಿನ ದೊಡ್ಡ ತೋಟಕ್ಕೆ ಟಿಕೆಟ್ ಬೇಡ, ಸುಮ್ನೆ ಗುಡ್ಡದ ಮೇಲಿನ ಗ್ಲೋರಿಯೆಟ್ ಎಂಬ ಕಮಾನಿನ ಮಂಟಪದ ತನಕ ನಡೆಯಿರಿ, ಇಡೀ ವಿಯೆನ್ನಾ ಕಾಣುತ್ತದೆ.