ರಾಶಿಯ ಕುರ್ಚಿ ಮತ್ತು ರಾಶಿ: ವೋರ್ಮ್ಸ್ ನಡಿಗೆ ಪ್ರವಾಸದ ವಿಮರ್ಶೆ

ಜರ್ಮನಿಯ ರೈನ್ ನದಿಯ ದಂಡೆಯಲ್ಲಿರುವ ವೋರ್ಮ್ಸ್ ನಗರದಲ್ಲಿ, ಮಧ್ಯಯುಗದ ಯೆಹೂದಿ ಭಾಷ್ಯಕಾರರಾದ ರಾಶಿ ಅವರ ವಿದ್ಯಾರ್ಥಿಜೀವನವನ್ನು ಪರಿಚಯಿಸುವುದಾಗಿ ಹೇಳಿಕೊಳ್ಳುವ ಖಾಸಗಿ ನಡಿಗೆ ಪ್ರವಾಸವೊಂದರಲ್ಲಿ ಪಾಲ್ಗೊಂಡಿದ್ದೆ. ನೋಡಿದ ಸ್ಥಳಗಳ ಬಗ್ಗೆ ನನ್ನ ದೂರಿಲ್ಲ; ದೂರಿರುವುದು ಕೇಳಿದ ವಿವರಣೆಯ ಬಗ್ಗೆ.

ರಾಶಿ ಎಂದರೆ ನಮ್ಮ ಕಿವಿಗೆ ಕಣದ ಧಾನ್ಯ ನೆನಪಾಗುತ್ತದೆ. ಆದರೆ ಇದು ರಬ್ಬಿ (ಯೆಹೂದಿ ಧರ್ಮಗುರು) ಶ್ಲೋಮೋ ಯಿತ್ಸ್‌ಹಾಕಿ ಎಂಬ ಹೆಸರಿನ ಮೊದಲಕ್ಷರಗಳು ಕೂಡಿ ಆದ ರೂಪ. 1040ರ ಸುಮಾರಿಗೆ ಫ್ರಾನ್ಸಿನ ತ್ರ್ವಾದಲ್ಲಿ ಹುಟ್ಟಿದ ಅವರು ಮೈನ್ಜ್ ಮತ್ತು ವೋರ್ಮ್ಸ್‌ಗಳಲ್ಲಿ ಓದಿ, ಊರಿಗೆ ಮರಳಿ ಪಾಠಶಾಲೆ ನಡೆಸಿ, 1105ರಲ್ಲಿ ತೀರಿಕೊಂಡರು.

ಯೆಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗ್‌ಗೆ ಅಂಟಿಕೊಂಡಿರುವ ಕೋಣೆಯ ಕಲ್ಲಿನ ಪೀಠವನ್ನು ತೋರಿಸಿ, ರಾಶಿ ಇಲ್ಲಿಯೇ ಕುಳಿತು ಪಾಠ ಹೇಳುತ್ತಿದ್ದರೆಂದು ಮಾರ್ಗದರ್ಶಿ ವಿವರಿಸಿದರು. ಆದರೆ ಆ ಕೋಣೆ ಕಟ್ಟಿದ್ದು 1624ರಲ್ಲಿ, ಅಂದರೆ ರಾಶಿ ತೀರಿಕೊಂಡು ಐನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಮೇಲಾಗಿ ಅವರು ಈ ಊರಿಗೆ ಬಂದದ್ದು ಪಾಠ ಹೇಳಲಿಕ್ಕಲ್ಲ, ಕೇಳಲಿಕ್ಕೆ. ಐತಿಹ್ಯವನ್ನು ಐತಿಹ್ಯವೆಂದೇ ಹೇಳಿದ್ದರೆ ಅದರ ಸೊಗಸೇನೂ ಕಡಿಮೆಯಾಗುತ್ತಿರಲಿಲ್ಲ. 'ರಾಶಿ ಲಿಪಿ'ಯನ್ನು ಅವರದೇ ಕೈಬರಹವೆಂದದ್ದೂ ಇಂಥದೇ ತಪ್ಪು. ಅದು ಮೂಲಪಾಠದಿಂದ ವ್ಯಾಖ್ಯಾನವನ್ನು ಬೇರ್ಪಡಿಸಿ ತೋರಿಸಲು ಮುಂದಿನ ಕಾಲದ ಮುದ್ರಕರು ಬಳಸಿದ ಅಕ್ಷರರೂಪ.

ನನಗೆ ದೊಡ್ಡ ಕೊರತೆಯೆನಿಸಿದ್ದು, ಅವರ ಬರಹದ ಒಂದು ಪುಟವನ್ನೂ ತೋರಿಸದೇ ಇದ್ದದ್ದು. ಯೆಹೂದಿ ಧರ್ಮಶಾಸ್ತ್ರದ ಗ್ರಂಥವಾದ ತಾಲ್ಮುಡ್ಡಿನ ಮುದ್ರಿತ ಪುಟದ ನಡುವೆ ಮೂಲ, ಪುಸ್ತಕದ ಹೊಲಿಗೆಯ ಬದಿಗೆ ರಾಶಿಯ ವ್ಯಾಖ್ಯಾನ. 1520ರ ದಶಕದ ವೆನಿಸ್ ಮುದ್ರಣದಿಂದ ನೆಲೆಯಾದ ಈ ವಿನ್ಯಾಸವನ್ನು ಓದುಗರು ಇಂದಿಗೂ ಬಳಸುತ್ತಾರೆ. ನಮ್ಮ ಹಳೆಯ ಟೀಕುಗಳಂತೆ ತೊಡಕಿನ ಪದಕ್ಕೆ ನೇರ ಅರ್ಥ ಕೊಟ್ಟು, ಹೀಬ್ರೂ ಸಾಲದೆಡೆ ಆಡುಮಾತಾದ ಹಳೆಯ ಫ್ರೆಂಚ್ ಪದವನ್ನೇ ಹೀಬ್ರೂ ಲಿಪಿಯಲ್ಲಿ ಬರೆದ ಆ ಮೇಷ್ಟರ ಕ್ರಮವನ್ನು ಒಂದು ನೆರಳಚ್ಚು ಪ್ರತಿಯಿಂದಲೇ ಮನಗಾಣಿಸಬಹುದಿತ್ತು.

ಮೊದಲ ಕ್ರುಸೇಡ್ ಧರ್ಮಯುದ್ಧದ ವೇಳೆ ಇಲ್ಲಿನ ಯೆಹೂದಿಗಳ ಮೇಲೆ ನಡೆದ 1096ರ ಹತ್ಯಾಕಾಂಡವನ್ನು ಮಾತ್ರ ಮಾರ್ಗದರ್ಶಿ ಸಂಯಮದಿಂದ ವಿವರಿಸಿದರು. 1034ರಲ್ಲಿ ಸ್ಥಾಪನೆಗೊಂಡ ಸಿನಗಾಗ್ 1938ರಲ್ಲಿ ಸುಟ್ಟುಹೋಗಿ, 1961ರಲ್ಲಿ ಮತ್ತೆ ಎದ್ದು ನಿಂತ ಕಥೆಯೂ ಚೆನ್ನಾಗಿತ್ತು. ಆದರೆ ಹನ್ನೊಂದನೇ ಶತಮಾನದ ಸಮಾಧಿಕಲ್ಲುಗಳು ಇಂದಿಗೂ ಉಳಿದಿರುವ, ರಾಶಿಯ ಕಾಲಕ್ಕೆ ನಿಜವಾಗಿ ಹತ್ತಿರವಾದ ಯೆಹೂದಿ ಸ್ಮಶಾನಕ್ಕೆ ಸಿಕ್ಕಿದ್ದು ಹತ್ತೇ ನಿಮಿಷ.

ಹೋಗುವವರು ಮಾರ್ಗದರ್ಶಿಯಿಲ್ಲದೆ, ಮೊದಲು ಸ್ಮಶಾನಕ್ಕೇ ಹೋಗುವುದು ಒಳ್ಳೆಯದು. ಯೆಹೂದಿಗಳ ವಾರದ ವಿಶ್ರಾಂತಿಯಾದ ಸಬ್ಬತ್ತಿನ ದಿನ, ಅಂದರೆ ಶನಿವಾರ, ಅದು ಮುಚ್ಚಿರುತ್ತದೆ.