ಅಪೆಕ್ಸ್ ಲೆಜೆಂಡ್ಸ್: ಗುಂಡಿಗಿಂತ ಕಾಲಿಗೇ ಜಾಸ್ತಿ ಕೆಲಸ

ಅಪೆಕ್ಸ್ ಲೆಜೆಂಡ್ಸ್ ಬಂದದ್ದು 2019ರ ಫೆಬ್ರವರಿಯಲ್ಲಿ. ಕೊನೆಯ ತಂಡ ಉಳಿಯುವ ತನಕ ಗುಂಡು ಹೊಡೆದಾಡುವ ಕಂಪ್ಯೂಟರ್ ಆಟ, ಅಂದರೆ ಬ್ಯಾಟಲ್ ರಾಯಲ್. ಆಟ ಫ್ರೀ. ಬಂದೂಕು, ಮ್ಯಾಪ್, ಸ್ಕಿನ್ (ಪಾತ್ರದ ವೇಷ) ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ, ಅದನ್ನು ಬಿಟ್ಟುಬಿಡುತ್ತೇನೆ. ನಾನು ಬರೆಯುವುದು ಓಟದ ಬಗ್ಗೆ. ಈ ಆಟದಲ್ಲಿ ಗುರಿ ಚೆನ್ನಾಗಿದ್ದವನಿಗಿಂತ ಕಾಲು ಚೆನ್ನಾಗಿದ್ದವನು ಜಾಸ್ತಿ ಹೊತ್ತು ಉಳಿಯುತ್ತಾನೆ. ಅದಕ್ಕೇ ಇದು ನನಗೆ ಇಷ್ಟ. ಅದಕ್ಕೇ ತಲೆಬಿಸಿಯೂ ಹೌದು.

ಎಲ್ಲಕ್ಕಿಂತ ಜಾಸ್ತಿ ಜಗಳ ಆಗುವುದು ಟ್ಯಾಪ್ ಸ್ಟ್ರೇಫ್ ಬಗ್ಗೆ. ಓಡಿ, ಜಾರಿ, ಹಾರಿದ ಮೇಲೆ ಸಾಮಾನ್ಯ ಆಟಗಾರ ಕಂಬಳದ ಕೋಣದ ಹಾಗೆ, ಹೊರಟ ಗೆರೆಯಲ್ಲೇ ಹೋಗಿ ಮುಟ್ಟಬೇಕು. ಟ್ಯಾಪ್ ಸ್ಟ್ರೇಫ್ ಗೊತ್ತಿದ್ದವನು ಗಾಳಿಯಲ್ಲೇ ತಿರುಗಿ ಬಂದ ಬಾಗಿಲಿಗೇ ವಾಪಸ್ ಹೋಗುತ್ತಾನೆ, ನೀವು ಗೋಡೆಗೆ ಗುಂಡು ಹೊಡೆಯುತ್ತಾ ನಿಂತಿರುತ್ತೀರಿ. ಒಳಗಿನ ಲೆಕ್ಕ ಇಷ್ಟೇ. ಹಾರಿದ ಕೂಡಲೇ ಸ್ವಲ್ಪ ಹೊತ್ತು, ಹೊಸದಾಗಿ ಯಾವುದಾದರೂ ದಿಕ್ಕಿನ ಕೀ ಒತ್ತಿದರೆ ಎಂಜಿನ್, ಅಂದರೆ ಆಟ ನಡೆಸುವ ಸಾಫ್ಟ್‌ವೇರ್, ನಿಮ್ಮನ್ನು ಆ ಕಡೆ ಚೂರು ಎಳೆಯುತ್ತದೆ. ಒಂದು ಸಲ ಒತ್ತಿದರೆ ದೊಡ್ಡದೇನೂ ಆಗುವುದಿಲ್ಲ. ಆದರೆ ಮುಂದೆ ಹೋಗುವ ಡಬ್ಲ್ಯೂ ಕೀಯನ್ನು ಮೌಸ್ ಚಕ್ರಕ್ಕೂ ಕೊಟ್ಟು, ಹಾರುವಾಗ ಕೀಬೋರ್ಡಿನ ಡಬ್ಲ್ಯೂ ಬಿಟ್ಟು, ಪಕ್ಕದ ಕೀ ಹಿಡಿದು, ಮೌಸ್ ತಿರುಗಿಸುತ್ತಾ ಚಕ್ರ ಉರುಳಿಸಿದರೆ ಒಂದೊಂದು ಹಲ್ಲಿಗೂ ಒಂದೊಂದು ಡಬ್ಲ್ಯೂ ಬೀಳುತ್ತದೆ, ಎಳೆತಗಳೆಲ್ಲ ಸೇರಿ ನಿಮ್ಮನ್ನು ತಿರುಗಿಸಿಬಿಡುತ್ತವೆ.

ಮಂಗಳೂರಿನ ಬಲ್ಮಠ ಕಡೆಯ ಒಂದು ಗೇಮಿಂಗ್ ಕೆಫೆಯಲ್ಲಿ ಇದನ್ನು ಮಾಡಲಿಕ್ಕೇ ಆಗುವುದಿಲ್ಲ. ಅಲ್ಲಿನ ಮೌಸ್‌ಗಳ ಚಕ್ರ ಸವೆದು ಲೊಡಲೊಡ, ಮೇಲೆ ಉರುಳಿಸಿದರೆ ನಡುವೆ ಕೆಳಗಿನದ್ದೂ ಓದಿಬಿಡುತ್ತದೆ. ಹೇಳಿದ್ದಕ್ಕೆ ಓನರ್, "ಶೂಟ್ ಮಾಡ್ಲಿಕ್ಕೆ ಚಕ್ರ ಎಂತಕ್ಕೆ ಮಾರಾಯ್ರೆ?" ಅಂದರು. ಗಂಟೆಯ ದುಡ್ಡು ಮಾತ್ರ ಸರಿಯಾಗಿ ಎಣಿಸುತ್ತಾರೆ.

ಇದು ಬಗ್ಗೋ, ಕೌಶಲವೋ? ಅಪೆಕ್ಸ್ ನಿಂತಿರುವುದು ಬದಲಾಯಿಸಿಕೊಂಡ, ವಾಲ್ವ್ ಕಂಪನಿಯ ಸೋರ್ಸ್ ಎಂಜಿನ್ ಮೇಲೆ. ಆ ಎಂಜಿನ್‌ನ ಬೇರು 1996ರ ಕ್ವೇಕ್ ಆಟದ ತನಕ ಹೋಗುತ್ತದೆ. ಕ್ವೇಕ್‌ನಲ್ಲೂ ಹಾರುತ್ತಾ ಪಕ್ಕಕ್ಕೆ ತಿರುಗಿದರೆ ವೇಗ ಹೆಚ್ಚುತ್ತಿತ್ತು, ಅದು ಯೋಜನೆ ಹಾಕಿ ಮಾಡಿದ್ದಲ್ಲ. ಹಂಪನಕಟ್ಟೆ ಕಡೆ ಲ್ಯಾನ್‌ನಲ್ಲಿ ಕೌಂಟರ್ ಸ್ಟ್ರೈಕ್ 1.6 ಆಡಿದವರಿಗೆ ಬನ್ನಿ ಹಾಪ್ (ಮೊಲದ ಹಾಗೆ ಹಾರುತ್ತಾ ವೇಗ ಹೆಚ್ಚಿಸಿಕೊಳ್ಳುವುದು) ನೆನಪಿರಬಹುದು. ಅದೇ ವಂಶ.

ಇನ್ನೊಂದು ಸೂಪರ್‌ಗ್ಲೈಡ್. ಪೆಟ್ಟಿಗೆ ಹತ್ತಿ ಮುಗಿಯುವ ಕೊನೆಯ ಕ್ಷಣದಲ್ಲಿ ಜಂಪ್, ಅದರ ಮರು ಫ್ರೇಮಿಗೇ (ಪರದೆಯ ಮರು ಚಿತ್ರಕ್ಕೇ) ಕ್ರೌಚ್, ಅಂದರೆ ಬಗ್ಗುವ ಕೀ. ಸರಿಯಾಗಿ ಬಿದ್ದರೆ ಬಿಲ್ಲಿನಿಂದ ಬಿಟ್ಟವರಂತೆ ಮುಂದೆ ಹಾರುತ್ತೀರಿ. 60 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 60 ಫ್ರೇಮ್) ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್, 144ರಲ್ಲಿ ಬರೀ 7. ಅಂದರೆ ಜಾಸ್ತಿ ಎಫ್‌ಪಿಎಸ್ ಕೊಡುವ ಲಕ್ಷ ರೂಪಾಯಿಯ ಪಿಸಿ ಇದ್ದವನಿಗೇ ಇದು ಕಷ್ಟ! ಹಾಗಾಗಿ ಕೆಲವರು ಬೇಕಂತಲೇ ಎಫ್‌ಪಿಎಸ್ ಇಳಿಸಿಕೊಳ್ಳುತ್ತಾರೆ. ಆಟದ ವಿನ್ಯಾಸ ಎಲ್ಲೋ ತಪ್ಪಿದೆ ಅಂತ ನನಗೆ ಅನಿಸುವುದು ಇಲ್ಲಿ.

ಆಟ ಮಾಡಿದ ರೆಸ್ಪಾನ್ ಕಂಪನಿಗೂ ಏನು ಮಾಡಬೇಕು ಅಂತ ಗೊತ್ತಾದ ಹಾಗಿಲ್ಲ. 2021ರಲ್ಲಿ ಟ್ಯಾಪ್ ಸ್ಟ್ರೇಫ್ ತೆಗೆಯುತ್ತೇವೆ ಅಂದರು. ಎಲ್ಲರಿಗೂ ಮಾಡಲಿಕ್ಕೆ ಆಗುವುದಿಲ್ಲ, ಎದುರಿನವನಿಗೆ ಅರ್ಥವೂ ಆಗುವುದಿಲ್ಲ ಅನ್ನುವುದು ಅವರ ಕಾರಣ. ತೆಗೆಯಲಿಕ್ಕೆ ಹೋದರೆ ಬೇರೆ ಏನೇನೋ ಕೆಡುತ್ತದೆ ಅಂತ ಮುಂದೂಡಿದರು. 2025ರ ಜನವರಿಯಲ್ಲಿ ಮತ್ತೆ ಕೈ ಹಾಕಿದರು, ಆಟಗಾರರು ಗಲಾಟೆ ಮಾಡಿದರು, ಕೆಲವೇ ದಿನದಲ್ಲಿ ವಾಪಸ್ ತಗೊಂಡರು. ಒಳ್ಳೆಯದೇ ಆಯಿತು. ಇದನ್ನು ತೆಗೆದರೆ ಅಪೆಕ್ಸ್ ಇನ್ನೊಂದು ಬ್ಯಾಟಲ್ ರಾಯಲ್ ಅಷ್ಟೇ.

ನನ್ನ ಗೆರೆ ಬೇರೆ ಕಡೆ. ಬೆರಳಿನಿಂದ ಮಾಡಿದ್ದು ಸರಿ, ಬೆರಳಿನ ಬದಲು ಸ್ಕ್ರಿಪ್ಟ್ (ಕೀಗಳನ್ನು ತಾನೇ ಒತ್ತುವ ಚಿಕ್ಕ ಪ್ರೋಗ್ರಾಂ) ಮಾಡಿದ್ದು ಮೋಸ. ಆಟದ ಸೆಟ್ಟಿಂಗ್ ಇರುವ ಕಾನ್ಫಿಗ್ ಫೈಲ್ ಬರೆದು ಒಂದೇ ಬಟನ್ ಹಿಡಿದು ಗಾಳಿಯಲ್ಲಿ ಎಡಕ್ಕೂ ಬಲಕ್ಕೂ ಕುಣಿಯುವವರನ್ನು ನೋಡಿದ್ದೇನೆ, ಅಂಥವನ ಕೈಯಲ್ಲಿ ಸತ್ತರೆ ಮೈ ಉರಿಯುತ್ತದೆ. ಈ ವಿಷಯದಲ್ಲಿ ವಾಲ್ವ್ ಕಂಪನಿ ಖಡಕ್. 2024ರ ಆಗಸ್ಟ್‌ನಲ್ಲಿ ಕೌಂಟರ್ ಸ್ಟ್ರೈಕ್ 2ರ ತಮ್ಮ ಅಧಿಕೃತ ಸರ್ವರ್‌ಗಳಲ್ಲಿ, ಒಂದು ಒತ್ತಿಗೆ ಹಲವು ಕೆಲಸ ಮಾಡುವ ಬೈಂಡ್‌ಗಳನ್ನೂ (ಕೀಗೆ ಕೊಟ್ಟ ಕೆಲಸ) ಎಡ-ಬಲ ಕೀಗಳನ್ನು ತಾನೇ ಸಂಭಾಳಿಸುವ ಕೀಬೋರ್ಡ್ ಸೌಲಭ್ಯಗಳನ್ನೂ ನಿಲ್ಲಿಸಿದರು. ರೆಸ್ಪಾನ್‌ನವರೂ ಅಷ್ಟು ಗಟ್ಟಿಯಾಗಿ ಹೇಳಲಿ.

ಉಡುಪಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಕಂಟ್ರೋಲರ್ ಹಿಡಿದು ಆಡುವವನು. ಅವನ ವಾದ, "ನಿಮಗೆ ಚಕ್ರ ಉಂಟು, ನಮಗೆ ಏಮ್ ಅಸಿಸ್ಟ್ ಉಂಟು, ಸಮ ಆಯ್ತಲ್ಲ ಅಣ್ಣ." ಏಮ್ ಅಸಿಸ್ಟ್ ಅಂದರೆ ಗುರಿ ಹಿಡಿಯಲಿಕ್ಕೆ ಆಟವೇ ಮಾಡುವ ಸಹಾಯ. ಹತ್ತಿರ ಬಂದು ಹೊಡೆಯುವಾಗ ಅವನಿಗೇ ಲಾಭ, ಅದು ನಿಜ. ಓಡಿ ತಪ್ಪಿಸಿಕೊಳ್ಳುವಾಗ ನನಗೆ. ಈ ಜಗಳ ಮುಗಿಯುವುದಿಲ್ಲ ಬಿಡಿ.

ಹೊಸಬರಿಗೆ ಆಟ ಕೊಡಬಹುದಾ? ಕೊಡಬಹುದು, ಆದರೆ ಟ್ಯುಟೋರಿಯಲ್ ಇದ್ಯಾವುದನ್ನೂ ಕಲಿಸುವುದಿಲ್ಲ. ರ‍್ಯಾಂಕ್ಡ್‌ಗೆ (ದರ್ಜೆಗಾಗಿ ಆಡುವ ಪಂದ್ಯ) ಹೋಗುವ ಮೊದಲು ಆಟದೊಳಗಿನ ಅಭ್ಯಾಸದ ಜಾಗ ಫೈರಿಂಗ್ ರೇಂಜ್‌ನಲ್ಲಿ ಬಂದೂಕು ಮುಟ್ಟದೆ ಸುಮ್ನೆ ಓಡಿ, ಜಾರಿ, ಗೋಡೆಗೆ ಹಾರಿ. ಟ್ಯಾಪ್ ಸ್ಟ್ರೇಫ್ ಆಮೇಲೆ. ಸೂಪರ್‌ಗ್ಲೈಡ್ ಬರದಿದ್ದರೂ ನಡೆಯುತ್ತದೆ.